ಡ್ರೈವಿನೊಳಗಿನ ಬೀಗ: ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಅಳವಡಿಸಿಕೊಳ್ಳುವ ಕ್ರಮ

ಶಿರಸಿಯ ಕೆಲವು ಸಣ್ಣ ಕಚೇರಿಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ನನಗೆ ವರ್ಷಕ್ಕೆ ಒಂದೆರಡು ಸಲವಾದರೂ ಒಂದೇ ಬಗೆಯ ಕರೆ ಬರುತ್ತದೆ. ಕಾರವಾರದ ಕಚೇರಿ ಕೆಲಸಕ್ಕೆಂದು ಬೆಳಗಿನ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದು ಹೋದವರು, ಕುಮಟಾದಲ್ಲಿ ಬಸ್ಸು ಬದಲಿಸುವ ಗಡಿಬಿಡಿಯಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಹಿಂದಿನ ಬಸ್ಸಿನಲ್ಲೇ ಬಿಟ್ಟಿರುತ್ತಾರೆ. ಯಂತ್ರ ಹೋದದ್ದಕ್ಕಿಂತ ಅದರೊಳಗಿದ್ದ ತೆರಿಗೆ ಲೆಕ್ಕ, ಜಮೀನಿನ ನಕ್ಷೆ, ಕಕ್ಷಿದಾರರ ಆಧಾರ್ ಪ್ರತಿಗಳ ಚಿಂತೆ ಅವರನ್ನು ಹೆಚ್ಚು ಕಾಡುತ್ತದೆ. "ವಿಂಡೋಸಿಗೆ ಪಾಸ್‌ವರ್ಡ್ ಹಾಕಿದ್ದೇನಲ್ಲ, ಸಾಲದೇ?" ಎಂಬುದು ಮೊದಲ ಪ್ರಶ್ನೆ. ಸಾಲದು. ಆ ಪಾಸ್‌ವರ್ಡ್ ಕಾಯುವುದು ವಿಂಡೋಸನ್ನು ಮಾತ್ರ. ನಾಲ್ಕು ತಿರುಪು ಬಿಚ್ಚಿ ಡ್ರೈವನ್ನು ಹೊರತೆಗೆದು, ಕೆಲವು ನೂರು ರೂಪಾಯಿಯ ಅಡಾಪ್ಟರಿನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಕಡತಗಳೆಲ್ಲ ತೆರೆದುಕೊಳ್ಳುತ್ತವೆ.

ಇದನ್ನು ತಡೆಯುವ ಉಪಾಯವೆಂದರೆ ಡ್ರೈವಿನ ಮೇಲಿನ ಪ್ರತಿಯೊಂದು ಅಕ್ಷರವನ್ನೂ ಗೂಢಲಿಪಿಗೆ ಮಾರ್ಪಡಿಸಿಡುವುದು, ಅಂದರೆ ಎನ್‌ಕ್ರಿಪ್ಟ್ ಮಾಡುವುದು. ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಈ ಕೆಲಸ ಮಾಡಿದರೆ ಅದು ಸಾಫ್ಟ್‌ವೇರ್ ಎನ್‌ಕ್ರಿಪ್ಶನ್. ಡ್ರೈವಿನೊಳಗೇ ಇರುವ ನಿಯಂತ್ರಕ ಚಿಪ್ ಮಾಡಿದರೆ ಹಾರ್ಡ್‌ವೇರ್ ಎನ್‌ಕ್ರಿಪ್ಶನ್. ಎರಡನೆಯದನ್ನು ಹೇಗೆ ಅಳವಡಿಸಿಕೊಳ್ಳಬೇಕು, ಎಲ್ಲಿ ಅದನ್ನು ನಂಬಬಾರದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಳಗೆ ನಡೆಯುವುದೇನು

ಈ ಸೌಲಭ್ಯವಿರುವ ಎಸ್‌ಎಸ್‌ಡಿಯೊಳಗೆ, ಅಂದರೆ ಫ್ಲ್ಯಾಶ್ ಚಿಪ್‌ಗಳಲ್ಲಿ ಕಡತಗಳನ್ನಿಡುವ ಡ್ರೈವಿನೊಳಗೆ, ಸಾಮಾನ್ಯವಾಗಿ 256 ಬಿಟ್‌ನ ಎಇಎಸ್ ಎಂಬ ಗೂಢಲಿಪಿ ವಿಧಾನದ ಎನ್‌ಕ್ರಿಪ್ಶನ್ ಇರುತ್ತದೆ. ಅದಕ್ಕೆ ಬೇಕಾದ ಕೀಲಿ ಡ್ರೈವಿನೊಳಗೇ ಹುಟ್ಟುತ್ತದೆ, ಡ್ರೈವನ್ನು ಬಿಟ್ಟು ಹೊರಗೆ ಬರುವುದಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಎನ್‌ಕ್ರಿಪ್ಶನ್ ಕಾರ್ಖಾನೆಯಿಂದ ಬಂದ ದಿನದಿಂದಲೇ ನಡೆಯುತ್ತಿರುತ್ತದೆ. ನಾವು ಅದನ್ನು ಆರಂಭಿಸುವುದೂ ಇಲ್ಲ, ನಿಲ್ಲಿಸಲೂ ಆಗುವುದಿಲ್ಲ. ಹಾಗಾದರೆ ಪಾಸ್‌ವರ್ಡ್ ಹಾಕದ ಡ್ರೈವಿನ ಕಡತಗಳನ್ನು ಯಾರು ಬೇಕಾದರೂ ಓದುವುದು ಹೇಗೆ? ಚಾಲಿ ಅಡಕೆ ತುಂಬಿದ ಉಗ್ರಾಣಕ್ಕೆ ಗಟ್ಟಿ ಬೀಗ ಹಾಕಿ, ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೇ ತೂಗುಹಾಕಿದ ಮನೆಯನ್ನು ಕಲ್ಪಿಸಿಕೊಳ್ಳಿ. ಹೊಸ ಡ್ರೈವಿನ ಸ್ಥಿತಿ ಅದೇ.

ನಾವು ಪಾಸ್‌ವರ್ಡ್ ಕೊಟ್ಟಾಗ, ಮೊಳೆಯ ಮೇಲಿದ್ದ ಆ ಬೀಗದ ಕೈ ಒಂದು ಚಿಕ್ಕ ಉಕ್ಕಿನ ಪೆಟ್ಟಿಗೆಯೊಳಗೆ ಸೇರುತ್ತದೆ, ಮತ್ತು ನಮ್ಮ ಪಾಸ್‌ವರ್ಡ್ ಆ ಪೆಟ್ಟಿಗೆಯನ್ನು ತೆರೆಯುವ ಎರಡನೆಯ ಕೀಲಿಯಾಗುತ್ತದೆ. ಪಾಸ್‌ವರ್ಡ್ ಬದಲಿಸಿದರೆ ಬದಲಾಗುವುದು ಪೆಟ್ಟಿಗೆಯ ಬೀಗ ಮಾತ್ರ. ಉಗ್ರಾಣದ ಒಂದು ಅಡಕೆಯೂ ಅಲುಗುವುದಿಲ್ಲ. ಆದ್ದರಿಂದಲೇ ಒಂದು ಟೆರಾಬೈಟಿನ ಡ್ರೈವಿಗೂ ಬೀಗ ಹಾಕುವ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ, ಓದು ಬರಹದ ವೇಗವೂ ಕುಗ್ಗುವುದಿಲ್ಲ. ಟ್ರಸ್ಟೆಡ್ ಕಂಪ್ಯೂಟಿಂಗ್ ಗ್ರೂಪ್ ಎಂಬ ಒಕ್ಕೂಟ 2009ರಲ್ಲಿ ಪ್ರಕಟಿಸಿದ, ನಂತರ 2.0 ಆವೃತ್ತಿಯಾಗಿ ಬೆಳೆದ 'ಓಪಲ್' ಎಂಬ ನಿಯಮಾವಳಿ ಈ ಪೆಟ್ಟಿಗೆ ಮತ್ತು ಬೀಗದ ವ್ಯವಹಾರ ಹೇಗಿರಬೇಕೆಂದು ಹೇಳುತ್ತದೆ.

ಪೆಟ್ಟಿಗೆಗೆ ನಿಜವಾಗಿ ಬೀಗವಿದೆಯೇ?

ನಿಯಮಾವಳಿ ಇದ್ದ ಮಾತ್ರಕ್ಕೆ ತಯಾರಕರು ಅದನ್ನು ಸರಿಯಾಗಿ ಪಾಲಿಸಿದ್ದಾರೆಂದು ಹೇಳಲಾಗದು. ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಕಾರ್ಲೊ ಮೈಯರ್ ಮತ್ತು ಬರ್ನಾರ್ಡ್ ವಾನ್ ಗಾಸ್ಟೆಲ್ ಎಂಬ ಸಂಶೋಧಕರು 2018ರ ನವೆಂಬರಿನಲ್ಲಿ ಇದನ್ನು ಬಯಲಿಗೆ ತಂದರು. ಕ್ರೂಶಿಯಲ್ ಎಂಎಕ್ಸ್100, 200, 300 ಮತ್ತು ಸ್ಯಾಮ್‌ಸಂಗ್ 840 ಇವೊ, 850 ಇವೊ, ಟಿ3, ಟಿ5 ಮಾದರಿಗಳನ್ನು ಅವರು ಬಿಚ್ಚಿ ಪರೀಕ್ಷಿಸಿದ್ದರು. ಎಂಎಕ್ಸ್100ರಂಥ ಡ್ರೈವಿನಲ್ಲಿ ಪಾಸ್‌ವರ್ಡ್ ಸರಿಯೇ ತಪ್ಪೇ ಎಂದು ಡ್ರೈವಿನೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಕೇಳುತ್ತಿತ್ತೇ ಹೊರತು, ಒಳಗಿನ ಕೀಲಿಗೂ ಆ ಪಾಸ್‌ವರ್ಡಿಗೂ ಗಣಿತದ ಯಾವ ಸಂಬಂಧವೂ ಇರಲಿಲ್ಲ. ಫರ್ಮ್‌ವೇರಿನ ಆ ಪ್ರಶ್ನೆಯೊಂದನ್ನು ಬದಲಿಸಿಬಿಟ್ಟರೆ ಯಾವ ಪಾಸ್‌ವರ್ಡ್ ಕೊಟ್ಟರೂ ಡ್ರೈವ್ ತೆರೆಯುತ್ತಿತ್ತು. ಪೆಟ್ಟಿಗೆಯ ಮೇಲೆ ಬೀಗದ ಚಿತ್ರ ಬರೆದಿಟ್ಟ ಹಾಗೆ. 840 ಇವೊದ ತೊಂದರೆ ಬೇರೆ ಬಗೆಯದು. ಫ್ಲ್ಯಾಶ್ ಸ್ಮೃತಿ ಬೇಗ ಸವೆಯದಿರಲೆಂದು ಎಸ್‌ಎಸ್‌ಡಿಗಳು ಬರೆಯುವ ಜಾಗವನ್ನು ಬದಲಿಸುತ್ತಲೇ ಇರುತ್ತವೆ. ಹೀಗಾಗಿ ಪಾಸ್‌ವರ್ಡ್ ಹಾಕಿದ ಮೇಲೂ ಕೀಲಿಯ ಹಳೆಯ, ಬೀಗವಿಲ್ಲದ ಪ್ರತಿ ಎಲ್ಲೋ ಮೂಲೆಯಲ್ಲಿ ಉಳಿದಿರುವ ಸಾಧ್ಯತೆ ಇತ್ತು.

ಇದರ ಪರಿಣಾಮ ದೊಡ್ಡದಾಗಿತ್ತು. ಅಲ್ಲಿಯವರೆಗೆ ವಿಂಡೋಸಿನ ಎನ್‌ಕ್ರಿಪ್ಶನ್ ಸೌಲಭ್ಯವಾದ ಬಿಟ್‌ಲಾಕರ್, ಡ್ರೈವಿನಲ್ಲಿ ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಸಿದ್ಧವಾಗಿದ್ದರೆ ಬಳಕೆದಾರರನ್ನು ಕೇಳದೆ ಅದನ್ನೇ ನೆಚ್ಚಿಕೊಳ್ಳುತ್ತಿತ್ತು. 2019ರ ಸೆಪ್ಟೆಂಬರಿನ ಒಂದು ಅಪ್‌ಡೇಟಿನಿಂದ ಮೈಕ್ರೋಸಾಫ್ಟ್ ಆ ಕ್ರಮವನ್ನು ತಿರುಗಿಸಿತು. ಈಗ ನಾವಾಗಿ ಆಯ್ಕೆ ಮಾಡದಿದ್ದರೆ ಬಿಟ್‌ಲಾಕರ್ ಸಾಫ್ಟ್‌ವೇರ್ ವಿಧಾನವನ್ನೇ ಬಳಸುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಯಂತ್ರ ಹೊಸದಾಗಿದ್ದರೆ, ಸಾಮಾನ್ಯ ಕಚೇರಿ ಕೆಲಸಕ್ಕೆ ಬಿಟ್‌ಲಾಕರಿನ ಸಾಫ್ಟ್‌ವೇರ್ ವಿಧಾನವೇ ಸಾಕು, ಏಕೆಂದರೆ 2010ರಿಂದೀಚೆಗೆ ಬಂದ ಪ್ರೊಸೆಸರುಗಳಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಆಜ್ಞೆಗಳು ಸೇರುತ್ತ ಬಂದಿವೆ, ನಿತ್ಯದ ಕೆಲಸದಲ್ಲಿ ನಿಧಾನ ತಿಳಿಯುವುದಿಲ್ಲ. ಪ್ರೊಸೆಸರ್ ಹಳೆಯದಾಗಿದ್ದರೆ, ವೀಡಿಯೊ ಸಂಕಲನದಂಥ ಭಾರದ ಕೆಲಸವಿದ್ದರೆ, ಒಂದೇ ಯಂತ್ರದಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳಿದ್ದರೆ, ಅಥವಾ ಡ್ರೈವನ್ನು ಜೇಬಿನಲ್ಲಿಟ್ಟು ಊರೂರು ತಿರುಗುವುದಿದ್ದರೆ ಹಾರ್ಡ್‌ವೇರ್ ವಿಧಾನಕ್ಕೆ ಅರ್ಥವಿದೆ. ಬಸ್ಸಿನಲ್ಲಿ ಸಿಕ್ಕ ಲ್ಯಾಪ್‌ಟಾಪನ್ನು ಮಾರಲು ನೋಡುವವನು ಫರ್ಮ್‌ವೇರ್ ತಿದ್ದಲು ಕೂರುವುದಿಲ್ಲ ಎಂಬುದೂ ನಿಜ. ಆದರೆ ಮೇಲಿನ ಏಳು ಹಳೆಯ ಮಾದರಿಗಳಲ್ಲಿ ಯಾವುದಾದರೂ ನಿಮ್ಮಲ್ಲಿದ್ದರೆ, ಅದಕ್ಕೆ ಸಾಫ್ಟ್‌ವೇರ್ ಎನ್‌ಕ್ರಿಪ್ಶನ್ ಹಾಕುವುದೇ ಒಳ್ಳೆಯದು.

ಆರಂಭಿಸುವ ಮೊದಲು

ಎಲ್ಲ ಎಸ್‌ಎಸ್‌ಡಿಗಳಲ್ಲೂ ಈ ಸೌಲಭ್ಯವಿಲ್ಲ. ತಯಾರಕರ ವಿವರಪಟ್ಟಿಯಲ್ಲಿ 'ಟಿಸಿಜಿ ಓಪಲ್ 2.0' ಎಂಬ ಮಾತು ಇದೆಯೇ ಎಂದು ನೋಡಬೇಕು. ಬಿಟ್‌ಲಾಕರಿನೊಂದಿಗೆ ಬಳಸುವುದಿದ್ದರೆ 'ಐಇಇಇ 1667' ಎಂಬುದೂ ಬೇಕು. ಸ್ಯಾಮ್‌ಸಂಗ್ 870 ಇವೊ ಮತ್ತು ಕ್ರೂಶಿಯಲ್ ಎಂಎಕ್ಸ್500 ಡ್ರೈವುಗಳಲ್ಲಿ ಓಪಲ್ ಇದೆ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಕ್ರೂಶಿಯಲ್ ಬಿಎಕ್ಸ್500ರಲ್ಲಿ ಇಲ್ಲ. ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ, ಆದ್ದರಿಂದ ರಸೀದಿಯನ್ನಲ್ಲ, ಡ್ರೈವಿನ ಮೇಲಿನ ಚೀಟಿಯನ್ನೇ ಓದಿ.

ಆ ಚೀಟಿಯ ಮೇಲೆ ಇನ್ನೊಂದು ಅಮೂಲ್ಯ ವಸ್ತುವಿದೆ: ಪಿಎಸ್‌ಐಡಿ ಎಂಬ 32 ಅಕ್ಷರಗಳ ಸಂಖ್ಯೆ. ಪಾಸ್‌ವರ್ಡ್ ಮರೆತು ಡ್ರೈವ್ ಪೂರ್ತಿ ಮುಚ್ಚಿಕೊಂಡರೆ, ಅದನ್ನು ಮತ್ತೆ ಬಳಸುವಂತೆ ಮಾಡಲು ಉಳಿಯುವ ದಾರಿ ಇದೊಂದೇ. ಪಿಎಸ್‌ಐಡಿ ಒಳಗಿನ ಕಡತಗಳನ್ನು ಮರಳಿ ಕೊಡುವುದಿಲ್ಲ. ಹಳೆಯ ಕೀಲಿಯನ್ನು ಅಳಿಸಿ ಹೊಸದನ್ನು ಹುಟ್ಟಿಸಿ, ಖಾಲಿ ಡ್ರೈವನ್ನು ಕೈಗಿಡುತ್ತದೆ. ನಾನು ಒಮ್ಮೆ ಇದರ ಫೋಟೊ ತೆಗೆಯದೆ ಎನ್‌ವಿಎಂಇ ಎಂಬ ವೇಗದ ಬಗೆಯ ಡ್ರೈವಿನ ಮೇಲೆ ಶಾಖ ಹೀರುವ ಲೋಹದ ಪಟ್ಟಿಯನ್ನು ಅಂಟಿಸಿಬಿಟ್ಟೆ. ಬೇಕಾದಾಗ ಪಟ್ಟಿ ಕೀಳಲು ಹೋದರೆ ಚೀಟಿಯ ಅರ್ಧ ಅದರ ಜತೆಗೇ ಕಿತ್ತುಬಂತು. ಡ್ರೈವನ್ನು ಕೂರಿಸುವ ಮೊದಲೇ ಫೋಟೊ ತೆಗೆದು ಬೇರೆ ಕಡೆ ಉಳಿಸಿಡಿ.

ಮೂರನೆಯದು ಬ್ಯಾಕಪ್. ಎನ್‌ಕ್ರಿಪ್ಟ್ ಆದ ಡ್ರೈವಿನ ನಿಯಂತ್ರಕ ಚಿಪ್ ಸುಟ್ಟುಹೋದರೆ ಒಳಗಿನ ಸ್ಮೃತಿಯನ್ನು ಬೇರ್ಪಡಿಸಿ ಓದುವ ಕುಶಲಕರ್ಮಿಗೂ ಗೂಢಲಿಪಿಯ ರಾಶಿಯಷ್ಟೇ ಸಿಗುತ್ತದೆ. ನಮ್ಮ ಘಟ್ಟದ ಮೇಲಿನ ಊರುಗಳಲ್ಲಿ ಮಳೆಗಾಲಕ್ಕೆ ಮುಂಚಿನ ಸಿಡಿಲಿಗೆ ಬೋರ್ಡುಗಳು ಸುಡುವುದು ಅಪರೂಪವೇನಲ್ಲ. ಪರಿಚಯದ ಛಾಯಾಗ್ರಾಹಕರೊಬ್ಬರ ಹೊರಜೋಡಣೆಯ ಹಾರ್ಡ್ ಡಿಸ್ಕಿನ ಯುಎಸ್‌ಬಿ ಬೋರ್ಡ್ ಹೀಗೇ ಸುಟ್ಟಿತು. ಡಿಸ್ಕ್ ಚೆನ್ನಾಗಿಯೇ ಇತ್ತು, ಆದರೆ ಎನ್‌ಕ್ರಿಪ್ಶನ್ ನಡೆಸುತ್ತಿದ್ದುದು ಆ ಬೋರ್ಡ್. ಅವರು ಜೀವಮಾನದಲ್ಲಿ ಅದಕ್ಕೆ ಪಾಸ್‌ವರ್ಡ್ ಹಾಕಿದವರಲ್ಲ. ಆದರೂ ನೇರವಾಗಿ ಜೋಡಿಸಿದಾಗ ಒಂದು ಮದುವೆಯ ಚಿತ್ರವೂ ತೆರೆಯಲಿಲ್ಲ. ಸದಾ ನಡೆಯುವ ಎನ್‌ಕ್ರಿಪ್ಶನ್, ಬೇಡವೆಂದವರನ್ನೂ ಬಿಡುವುದಿಲ್ಲ.

ವಿಂಡೋಸಿನಲ್ಲಿ

ಬಿಟ್‌ಲಾಕರನ್ನು ಹಾರ್ಡ್‌ವೇರ್ ವಿಧಾನದಲ್ಲಿ ನಡೆಸಲು ವಿಂಡೋಸಿನ ಪ್ರೊ ಅಥವಾ ಮೇಲಿನ ಆವೃತ್ತಿ ಬೇಕು. ಮುಖ್ಯ ಡ್ರೈವಿಗೆ ಇದನ್ನು ಮಾಡುವುದಿದ್ದರೆ ವಿಂಡೋಸನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ. ಈಗಿರುವ ಸ್ಥಾಪನೆಯ ಮೇಲೆಯೇ ಮಾಡಿಕೊಳ್ಳುವ ಸುಲಭದ ದಾರಿಯಿಲ್ಲ. ಮೊದಲು ಯಂತ್ರ ಚಾಲೂ ಆಗುವಾಗಿನ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ, ಯಂತ್ರ ಯುಇಎಫ್‌ಐ ಎಂಬ ಹೊಸ ಕ್ರಮದಲ್ಲಿ ಆರಂಭವಾಗುತ್ತಿದೆಯೆಂದೂ ಹಳೆಯ ಕ್ರಮಕ್ಕೆ ಹೊಂದಿಸುವ ಸಿಎಸ್‌ಎಂ ಆಯ್ಕೆ ಮುಚ್ಚಿದೆಯೆಂದೂ ಖಚಿತಪಡಿಸಿಕೊಳ್ಳಿ. ಸ್ಯಾಮ್‌ಸಂಗ್ ಡ್ರೈವಾದರೆ ಆ ಸಂಸ್ಥೆಯ ಮೆಜೀಶಿಯನ್ ತಂತ್ರಾಂಶದಲ್ಲಿ 'ಎನ್‌ಕ್ರಿಪ್ಟೆಡ್ ಡ್ರೈವ್' ಆಯ್ಕೆಯನ್ನು ಸಿದ್ಧ ಸ್ಥಿತಿಗೆ ತಂದು, ಅದೇ ತಂತ್ರಾಂಶ ತಯಾರಿಸುವ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ ಡ್ರೈವನ್ನು ಸೆಕ್ಯೂರ್ ಇರೇಸ್ ಮಾಡಬೇಕು, ಅಂದರೆ ಪೂರ್ತಿ ಅಳಿಸಬೇಕು. ಅನಂತರ ವಿಂಡೋಸ್ ಸ್ಥಾಪನೆ.

ಸ್ಥಾಪನೆ ಮುಗಿದ ಮೇಲೆ, ಬಿಟ್‌ಲಾಕರನ್ನು ಮುಟ್ಟುವ ಮೊದಲು, ಗ್ರೂಪ್ ಪಾಲಿಸಿ ಎಡಿಟರ್ ತೆರೆದು ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ಬಿಟ್‌ಲಾಕರ್ ಡ್ರೈವ್ ಎನ್‌ಕ್ರಿಪ್ಶನ್, ಆಪರೇಟಿಂಗ್ ಸಿಸ್ಟಮ್ ಡ್ರೈವ್ಸ್ ಎಂಬ ಮೆಟ್ಟಿಲುಗಳನ್ನು ಇಳಿಯಿರಿ. ಅಲ್ಲಿ ಹಾರ್ಡ್‌ವೇರ್ ಎನ್‌ಕ್ರಿಪ್ಶನ್ ಬಳಕೆಯನ್ನು ನಿರ್ಧರಿಸುವ ನಿಯಮವನ್ನು 'ಎನೇಬಲ್ಡ್' ಮಾಡಿ, ಅದರೊಳಗೆ 'ಹಾರ್ಡ್‌ವೇರ್ ಲಭ್ಯವಿಲ್ಲದಿದ್ದರೆ ಸಾಫ್ಟ್‌ವೇರ್ ಬಳಸು' ಎಂಬರ್ಥದ ಗುರುತನ್ನು ತೆಗೆದುಬಿಡಿ. ಈ ಗುರುತು ಉಳಿದರೆ ಬಿಟ್‌ಲಾಕರ್ ಸದ್ದಿಲ್ಲದೆ ಸಾಫ್ಟ್‌ವೇರಿಗೆ ಜಾರಿಕೊಂಡು, ನೀವು ಹಾರ್ಡ್‌ವೇರಿನಲ್ಲಿದ್ದೇನೆಂದು ನಂಬಿಕೊಂಡಿರುತ್ತೀರಿ. ಅದೇ ಪಟ್ಟಿಯಲ್ಲಿ, ಯಂತ್ರ ಆರಂಭವಾಗುವಾಗ ಹೆಚ್ಚುವರಿ ದೃಢೀಕರಣ ಬೇಕೆಂಬ ನಿಯಮವನ್ನೂ ಜಾರಿಗೊಳಿಸಿ, ಯಂತ್ರದೊಳಗಿದ್ದು ಬಿಟ್‌ಲಾಕರಿನ ಕೀಲಿ ಕಾಯುವ ಟಿಪಿಎಂ ಚಿಪ್‌ನ ಜತೆಗೆ ಪಿನ್ ಕೇಳುವಂತೆ ಮಾಡುವುದು ಉತ್ತಮ. ಪಿನ್ ಇಲ್ಲದಿದ್ದರೆ ಯಂತ್ರ ಚಾಲೂ ಮಾಡಿದ ಯಾರಿಗೇ ಆದರೂ ಟಿಪಿಎಂ ತಾನಾಗಿಯೇ ಡ್ರೈವನ್ನು ತೆರೆದುಕೊಟ್ಟು ವಿಂಡೋಸಿನ ಲಾಗಿನ್ ಪರದೆಯವರೆಗೆ ಕರೆತರುತ್ತದೆ.

ಈಗ ಬಿಟ್‌ಲಾಕರ್ ಚಾಲೂ ಮಾಡಿ. ಕೆಲಸ ತಕ್ಷಣ ಮುಗಿದರೆ ಅದು ಹಾರ್ಡ್‌ವೇರ್ ವಿಧಾನದ ಮೊದಲ ಲಕ್ಷಣ. ಶೇಕಡಾ ಲೆಕ್ಕ ತೆವಳತೊಡಗಿದರೆ ಸಾಫ್ಟ್‌ವೇರ್ ಎಂದು ತಿಳಿಯಿರಿ. ಖಚಿತಪಡಿಸಿಕೊಳ್ಳಲು, ಅಡ್ಮಿನಿಸ್ಟ್ರೇಟರ್ ಅಧಿಕಾರದ ಕಮಾಂಡ್ ಕಿಟಕಿಯಲ್ಲಿ 'ಮ್ಯಾನೇಜ್-ಬಿಡಿಇ' ಆಜ್ಞೆಯನ್ನು 'ಸ್ಟೇಟಸ್' ಆಯ್ಕೆಯೊಂದಿಗೆ ನಡೆಸಿ, ಎನ್‌ಕ್ರಿಪ್ಶನ್ ವಿಧಾನದ ಸಾಲನ್ನು ಓದಬೇಕು. ಅಲ್ಲಿ 'ಹಾರ್ಡ್‌ವೇರ್ ಎನ್‌ಕ್ರಿಪ್ಶನ್' ಎಂದೇ ಬರೆದಿರಬೇಕು. 'ಎಕ್ಸ್‌ಟಿಎಸ್-ಎಇಎಸ್ 128' ಎಂದಿದ್ದರೆ ಕೆಲಸ ಮಾಡುತ್ತಿರುವುದು ಸಾಫ್ಟ್‌ವೇರ್.

ಲಿನಕ್ಸಿನಲ್ಲಿ, ಅಥವಾ ವ್ಯವಸ್ಥೆ ಯಾವುದೇ ಇರಲಿ

ಸೆಡ್‌ಯುಟಿಲ್ ಎಂಬ ಮುಕ್ತ ತಂತ್ರಾಂಶ ಓಪಲ್ ಡ್ರೈವಿನೊಂದಿಗೆ ನೇರವಾಗಿ ಮಾತಾಡುತ್ತದೆ. ಓಪಲ್ ಡ್ರೈವಿನೊಳಗೆ ಕನಿಷ್ಠ 128 ಎಂಬಿಯಷ್ಟು ನೆರಳು ಜಾಗವಿರುತ್ತದೆ. ಸೆಡ್‌ಯುಟಿಲ್ ಅಲ್ಲಿ ಒಂದು ಪುಟ್ಟ ಕಾರ್ಯಕ್ರಮವನ್ನು ಕೂರಿಸುತ್ತದೆ. ಯಂತ್ರ ಚಾಲೂ ಆದಾಗ ಡ್ರೈವ್ ಆ ನೆರಳನ್ನಷ್ಟೇ ತೋರಿಸುತ್ತದೆ, ಆ ಕಾರ್ಯಕ್ರಮ ಪಾಸ್‌ವರ್ಡ್ ಕೇಳುತ್ತದೆ, ಸರಿಯಾದರೆ ನಿಜವಾದ ಡ್ರೈವ್ ತೆರೆದು ಯಂತ್ರ ಮರು ಆರಂಭವಾಗುತ್ತದೆ. ಒಳಗಿರುವುದು ವಿಂಡೋಸೋ ಲಿನಕ್ಸೋ ಎಂಬುದರ ಗೊಡವೆ ಅದಕ್ಕಿಲ್ಲ.

ಕ್ರಮ ಹೀಗಿರಲಿ: ಸೆಡ್‌ಯುಟಿಲ್ ಇರುವ ಪೆನ್‌ಡ್ರೈವಿನಿಂದ ಯಂತ್ರವನ್ನು ಆರಂಭಿಸಿ, ಮೊದಲು 'ಸ್ಕ್ಯಾನ್' ಆಯ್ಕೆಯಿಂದ ನಿಮ್ಮ ಡ್ರೈವಿನ ಎದುರು ಓಪಲ್ 2ರ ಗುರುತು ಬರುತ್ತದೆಯೇ ನೋಡಿ, ಬಳಿಕ ಒಂದು ಸರಳ ತಾತ್ಕಾಲಿಕ ಪಾಸ್‌ವರ್ಡಿನಿಂದ ಆರಂಭಿಕ ಸಿದ್ಧತೆ ಮಾಡಿ, ನೆರಳು ಜಾಗಕ್ಕೆ ಕಾರ್ಯಕ್ರಮವನ್ನು ತುಂಬಿ, ತೆರೆಯುವುದು ಮುಚ್ಚುವುದು ಎರಡೂ ಸರಿಯಾಗಿ ನಡೆದ ಮೇಲಷ್ಟೇ ನಿಜವಾದ ಪಾಸ್‌ವರ್ಡ್ ಕೊಡಿ. ಹಳೆಯ ಬಗೆಯ ಜೋಡಣೆಯಾದ ಸಾಟಾ ಡ್ರೈವಾದರೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ 'ಲಿಬಟಾ ಅಲೋ ಟಿಪಿಎಂ' ಎಂಬ ಸೂಚನೆ ಕೊಡದೆ ಸೆಡ್‌ಯುಟಿಲಿಗೆ ಡ್ರೈವ್ ಕಾಣುವುದಿಲ್ಲ. ಎನ್‌ವಿಎಂಇಗೆ ಇದರ ಅಗತ್ಯವಿಲ್ಲ. ಮೂಲ ಸೆಡ್‌ಯುಟಿಲಿನ ಕಾರ್ಯಕ್ರಮಕ್ಕೆ, ಮಾನ್ಯತೆಯಿಲ್ಲದ ತಂತ್ರಾಂಶದಿಂದ ಯಂತ್ರ ಆರಂಭವಾಗದಂತೆ ತಡೆಯುವ ಸೆಕ್ಯೂರ್ ಬೂಟ್ ಆಯ್ಕೆಯನ್ನು ಮುಚ್ಚಬೇಕಾಗುತ್ತದೆ ಎಂಬುದು ಅದರ ಒಂದು ಕೊರತೆ.

ಪಾಸ್‌ವರ್ಡನ್ನು ಆರಿಸುವಾಗ ಈ ಹಂತದಲ್ಲಿ ಕನ್ನಡ ಕೀಲಿಮಣೆ ಇರುವುದಿಲ್ಲವೆಂಬುದು ನೆನಪಿರಲಿ. ಅಮೆರಿಕನ್ ಇಂಗ್ಲಿಷ್ ವಿನ್ಯಾಸವೊಂದೇ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ನನಗೆ ಒಗ್ಗಿದ ಉಪಾಯ. ಇನ್ನೊಂದು ಮಾತು: ಸೆಡ್‌ಯುಟಿಲಿಗೆ ಬೇರೆಯವರು ತಿದ್ದಿದ ಆವೃತ್ತಿಗಳಿವೆ, ಅವು ಪಾಸ್‌ವರ್ಡನ್ನು ಕೀಲಿಯಾಗಿ ಮಾರ್ಪಡಿಸುವ ರೀತಿ ಒಂದೇ ಆಗಿಲ್ಲ. ಒಂದರಲ್ಲಿ ಹಾಕಿದ ಬೀಗ ಅದೇ ಪಾಸ್‌ವರ್ಡ್ ಕೊಟ್ಟರೂ ಇನ್ನೊಂದರಲ್ಲಿ ತೆರೆಯದೆ ಹೋಗಬಹುದು. ಯಾವ ಆವೃತ್ತಿ ಬಳಸಿದಿರೆಂದು ಬರೆದಿಡಿ, ಆ ಪೆನ್‌ಡ್ರೈವನ್ನೂ ಎತ್ತಿಡಿ.

ಲಿನಕ್ಸನ್ನಷ್ಟೇ ಬಳಸುವವರಿಗೆ 2024ರ ಜನವರಿಯಲ್ಲಿ ಬಂದ ಕ್ರಿಪ್ಟ್‌ಸೆಟಪ್ ತಂತ್ರಾಂಶದ 2.7 ಆವೃತ್ತಿ ಇನ್ನೂ ಒಳ್ಳೆಯ ದಾರಿ ತೆರೆದಿದೆ. ಅದರಲ್ಲಿ ಓಪಲ್ ಒಂದನ್ನೇ ಬಳಸಬಹುದು, ಇಲ್ಲವೇ ಓಪಲಿನ ಮೇಲೆ, ಲಿನಕ್ಸಿನ ಎನ್‌ಕ್ರಿಪ್ಶನ್ ವಿಧಾನವಾದ ಲಕ್ಸ್‌ನ ಸಾಫ್ಟ್‌ವೇರ್ ಪದರವನ್ನೂ ಹಾಕಬಹುದು. ಎರಡನ್ನೂ ಸೇರಿಸಿದರೆ ಡ್ರೈವಿನ ಫರ್ಮ್‌ವೇರ್ ಕೈಕೊಟ್ಟರೂ ಲಕ್ಸ್ ಉಳಿದಿರುತ್ತದೆ. ನನ್ನ ಸ್ವಂತ ಯಂತ್ರದಲ್ಲಿ ಈ ಎರಡು ಪದರದ ಕ್ರಮವೇ ಇದೆ.

ನಿದ್ರೆಯಲ್ಲಿ ಬೀಗ ಬೀಳುವುದಿಲ್ಲ

ಡ್ರೈವಿಗೆ ವಿದ್ಯುತ್ ಹೋಗುತ್ತಿರುವಷ್ಟು ಹೊತ್ತೂ ಅದು ತೆರೆದೇ ಇರುತ್ತದೆ. ರೀಸ್ಟಾರ್ಟ್ ಮಾಡಿದರೂ ವಿದ್ಯುತ್ ಕಡಿಯದ ಕಾರಣ ಬೀಗ ಬೀಳುವುದಿಲ್ಲ. ಹೊಸ ಲ್ಯಾಪ್‌ಟಾಪುಗಳ ನಿದ್ರಾಸ್ಥಿತಿಯಲ್ಲೂ ಡ್ರೈವ್ ಎಚ್ಚರವಾಗಿಯೇ ಇರಬಹುದು. ಹಳೆಯ ಬಗೆಯ ನಿದ್ರೆಯಲ್ಲಿ ಡ್ರೈವಿನ ವಿದ್ಯುತ್ ಕಡಿದು ಬೀಗ ಬೀಳುತ್ತದೆ, ಆದರೆ ಎಚ್ಚರಗೊಂಡಾಗ ಮೂಲ ಸೆಡ್‌ಯುಟಿಲ್ ಅದನ್ನು ತೆರೆಯಲಾರದೆ ಯಂತ್ರ ಸ್ತಬ್ಧವಾಗುತ್ತದೆ. ಎರಡಕ್ಕೂ ಪರಿಹಾರ ಒಂದೇ: ಬಸ್ಸು ಹತ್ತುವ ಮೊದಲು ಮುಚ್ಚಳ ಹಾಕಿ ಸುಮ್ಮನಾಗದೆ ಪೂರ್ತಿ ಶಟ್‌ಡೌನ್ ಮಾಡುವುದು. ಯಂತ್ರ ಚಾಲೂ ಇರುವಾಗ ಒಳಬಂದ ವೈರಸ್ಸಿಗೂ ಈ ಬೀಗ ಅಡ್ಡಿಯಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಜೇಬಿನಲ್ಲಿ ಒಯ್ಯುವ ಡ್ರೈವ್

ಒಂದು ಊರಿನಿಂದ ಇನ್ನೊಂದಕ್ಕೆ ಕಡತ ಒಯ್ಯುವುದಷ್ಟೇ ಕೆಲಸವಾಗಿದ್ದರೆ ಮೈಮೇಲೆಯೇ ಅಂಕೆಗಳ ಕೀಲಿಮಣೆ ಇರುವ ಯುಎಸ್‌ಬಿ ಡ್ರೈವ್ ಎಲ್ಲಕ್ಕಿಂತ ಸರಳ. ಕಿಂಗ್‌ಸ್ಟನ್ ಐರನ್‌ಕೀ, ಐಸ್ಟೋರೇಜ್, ಅಪ್ರಿಕಾರ್ನ್ ಮುಂತಾದವು ಇಂಥವನ್ನು ತಯಾರಿಸುತ್ತವೆ. ಪಿನ್ನನ್ನು ಡ್ರೈವಿನ ಮೇಲೆಯೇ ಒತ್ತುವುದರಿಂದ ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶವೂ ಬೇಡ, ಕಾರವಾರದ ಜೆರಾಕ್ಸ್ ಅಂಗಡಿಯ ಹಳೆಯ ಯಂತ್ರದಲ್ಲೂ ನಡೆಯುತ್ತದೆ. ಕೆಲವು ಮಾದರಿಗಳಲ್ಲಿ 10 ಸಲ ತಪ್ಪು ಪಿನ್ ಒತ್ತಿದರೆ ಕೀಲಿ ಅಳಿದುಹೋಗುತ್ತದೆ, ಆದ್ದರಿಂದ ಮಕ್ಕಳ ಕೈಗೆ ಸಿಗದಂತಿಡಿ. ಒಳಗೆ ಚಿಕ್ಕ ಬ್ಯಾಟರಿ ಇರುವ ಮಾದರಿಯನ್ನು ತಿಂಗಳುಗಟ್ಟಲೆ ಕಪಾಟಿನಲ್ಲಿಟ್ಟರೆ ಅದು ಬರಿದಾಗಿ, ಮೊದಲು ಯುಎಸ್‌ಬಿಗೆ ಸಿಕ್ಕಿಸಿ ಚಾರ್ಜ್ ಮಾಡಬೇಕಾಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಯುಎಸ್‌ಬಿ ಮೂತಿಯ ಲೋಹ ಮಂಕಾಗುವುದುಂಟು. ಮುಚ್ಚಳವಿರುವ ಮಾದರಿಯನ್ನೇ ಕೊಳ್ಳಿ.

ಮರುಪಡೆಯುವ ಕೀಲಿಯನ್ನು ಎಲ್ಲಿಡಬೇಕು

ಬಿಟ್‌ಲಾಕರ್ 48 ಅಂಕೆಗಳ ಒಂದು ರಿಕವರಿ ಕೀಲಿ ಕೊಡುತ್ತದೆ. ಬಯಾಸ್ ಅಪ್‌ಡೇಟ್ ಆದಾಗ, ಮದರ್‌ಬೋರ್ಡ್ ಬದಲಾದಾಗ ಯಂತ್ರ ಇದನ್ನು ಕೇಳುತ್ತದೆ. ಸಿಡಿಲಿಗೆ ಬೋರ್ಡ್ ಸುಟ್ಟ ಲ್ಯಾಪ್‌ಟಾಪೊಂದಕ್ಕೆ ಹೊಸ ಬೋರ್ಡ್ ಹಾಕಿಸಿದಾಗ ಮಾಲೀಕರು ಧೈರ್ಯವಾಗಿಯೇ ಇದ್ದರು, ಏಕೆಂದರೆ ಕೀಲಿಯನ್ನು 'ಪ್ರಿಂಟ್' ಮಾಡಿಟ್ಟಿದ್ದರು. ಪ್ರಿಂಟರ್ ಇಲ್ಲದ್ದರಿಂದ ಅದು ಪಿಡಿಎಫ್ ಆಗಿ ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲಿ ಕುಳಿತಿತ್ತು. ಬೋರ್ಡಿನ ಜತೆ ಹಳೆಯ ಟಿಪಿಎಂ ಕೂಡ ಹೋಗಿತ್ತು. ಒಂದು ವರ್ಷದ ಲೆಕ್ಕವನ್ನು ಕಾಗದದ ರಸೀದಿಗಳಿಂದ ಮತ್ತೆ ಬರೆಯಬೇಕಾಯಿತು.

ಕೀಲಿ ಎರಡು ಪ್ರತಿಗಳಲ್ಲಿ, ಎರಡು ಕಟ್ಟಡಗಳಲ್ಲಿ ಇರಲಿ. ಕಾಗದದ ಮೇಲೆ ಬರೆಯುವುದಾದರೆ ಪೆನ್ಸಿಲ್ಲಿನಿಂದ ಬರೆಯಿರಿ: ಆಷಾಢದ ಥಂಡಿಗೆ ಇಂಕ್‌ಜೆಟ್ಟಿನ ಮಸಿಯೂ ಶಾಯಿಯೂ ಹಬ್ಬುತ್ತವೆ, ಪೆನ್ಸಿಲ್ ಹಬ್ಬುವುದಿಲ್ಲ. ಬೂಷ್ಟು, ಒರಲೆ ಎರಡೂ ತಲುಪದಂತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಬರೆದ ಮೇಲೆ ಮನೆಯ ಇನ್ನೊಬ್ಬರಿಂದ ಅಂಕೆಗಳನ್ನು ಗಟ್ಟಿಯಾಗಿ ಓದಿಸಿ, ಒಂದು ಮತ್ತು ಏಳು ಬೇರೆಯಾಗಿ ಕಾಣುತ್ತವೆಯೇ ನೋಡಿ. ಬಯಾಸ್ ಅಪ್‌ಡೇಟಿಗೆ ಮೊದಲು ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿದರೆ ಈ ಕೀಲಿಯ ಪ್ರಸಂಗವೇ ಬರುವುದಿಲ್ಲ.

ಗುಜರಿಗೆ ಕೊಡುವ ಮುನ್ನ

ಹಾರ್ಡ್‌ವೇರ್ ಎನ್‌ಕ್ರಿಪ್ಶನ್ನಿನ ದೊಡ್ಡ ಅನುಕೂಲ ನನ್ನ ಮಟ್ಟಿಗೆ ಡ್ರೈವನ್ನು ವಿಲೇವಾರಿ ಮಾಡುವಾಗಿನದು. ಎಸ್‌ಎಸ್‌ಡಿಯನ್ನು ಫಾರ್ಮ್ಯಾಟ್ ಮಾಡಿದರೂ, ಮೇಲೆ ಸೊನ್ನೆಗಳನ್ನು ಬರೆದರೂ, ಸವಕಳಿ ತಡೆಯಲು ಅದು ಬದಿಗಿಟ್ಟ ಜಾಗಗಳಲ್ಲಿ ಹಳೆಯ ತುಣುಕುಗಳು ಉಳಿದಿರಬಹುದು. ಓಪಲ್ ಡ್ರೈವಿನಲ್ಲಾದರೆ ಒಳಗಿನ ಕೀಲಿಯನ್ನು ನಾಶಮಾಡಿದರೆ ಸಾಕು, ಉಗ್ರಾಣದಲ್ಲಿ ಉಳಿದುದೆಲ್ಲ ಅರ್ಥವಿಲ್ಲದ ರಾಶಿ. ಕೆಲವೇ ಕ್ಷಣಗಳ ಈ ವಿಧಾನವನ್ನು ಅಮೆರಿಕದ ಮಾನಕ ಸಂಸ್ಥೆಯಾದ ನಿಸ್ಟ್ ಕೂಡ ತನ್ನ ಮಾರ್ಗಸೂಚಿಯಲ್ಲಿ ಮಾನ್ಯ ಮಾಡಿದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸೂಕ್ತ ರಕ್ಷಣೆಯಿಲ್ಲದೆ ಜನರ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿರುವುದರಿಂದ, ಸಣ್ಣ ಕಚೇರಿಗಳೂ ಹಳೆಯ ಡ್ರೈವುಗಳನ್ನು ಮೂಲೆಯಲ್ಲಿ ಪೇರಿಸಿಡುವ ಅಭ್ಯಾಸ ಬಿಡಬೇಕಾಗಿದೆ.

ಸೆಡ್‌ಯುಟಿಲಿನ 'ಪಿಎಸ್‌ಐಡಿ ರಿವರ್ಟ್' ಆಯ್ಕೆಗೆ ಆ 32 ಅಕ್ಷರಗಳನ್ನು ಅಡ್ಡಗೆರೆಗಳಿಲ್ಲದೆ ಕೊಟ್ಟರೆ ಕೆಲಸ ಆಗುತ್ತದೆ. ಒಂದಕ್ಕಿಂತ ಹೆಚ್ಚು ಡ್ರೈವುಗಳಿರುವ ಯಂತ್ರದಲ್ಲಿ ಇದನ್ನು ಮಾಡುವಾಗ ಉಳಿದವನ್ನು ಕಳಚಿಡಿ. ಮುಗಿದ ಮೇಲೆ ಡ್ರೈವನ್ನು ಮತ್ತೊಮ್ಮೆ ಜೋಡಿಸಿ, ಹಳೆಯ ವಿಭಾಗಗಳು ಒಂದೂ ಕಾಣದೆ ಪೂರ್ತಿ ಖಾಲಿ ತೋರಿಸುತ್ತದೆಯೇ ಎಂದು ನೋಡಿ, ಚೀಟಿಯ ಮೇಲೆ ಅಂದಿನ ದಿನಾಂಕ ಬರೆದು ಗುಜರಿಯವನ ಕೈಗೆ ಕೊಡಬಹುದು.